ಬಾಗಿಲು ಹಾಕಿದವರೇ ಬೈಯುವುದು ನ್ಯಾಯವೇ?

ಮೊನ್ನೆ ಹೊಸನಗರದ ಕಡೆಯ ಬಂಧುಗಳ ಮನೆಯಲ್ಲಿ ಸತ್ಯನಾರಾಯಣ ಪೂಜೆಯಿತ್ತು. ಊಟ ಮುಗಿಸಿ ಜಗಲಿಯಲ್ಲಿ ಎಲೆಯಡಿಕೆ ತಟ್ಟೆಯ ಸುತ್ತ ಕುಳಿತಿದ್ದಾಗ, ರಜೆಗೆ ಬಂದಿದ್ದ ಮಕ್ಕಳು ಹಿಂದಿನ ರಾತ್ರಿ ನೋಡಿದ ಹಿಂದಿ ಚಿತ್ರವೊಂದರ ಮಾತು ತೆಗೆದರು. ಅದು 2022ರಲ್ಲಿ ತೆರೆಕಂಡ, ಹರ್ಷವರ್ಧನ ಕುಲಕರ್ಣಿಯವರ ನಿರ್ದೇಶನದ 'ಬಧಾಯಿ ದೋ'. ಕಥೆ ಕೇಳಿದೊಡನೆ ದೂರದ ಭಾವನವರೊಬ್ಬರು ತೀರ್ಪನ್ನೇ ಕೊಟ್ಟುಬಿಟ್ಟರು: "ಇಂಥವನ್ನೆಲ್ಲ ಮನೆಯೊಳಗೆ ಹಾಕಬೇಡಿ. ಆ ಜನಕ್ಕೆ ನೀತಿಯಿಲ್ಲ, ನಿಯಮವಿಲ್ಲ. ಇವತ್ತು ಒಬ್ಬ, ನಾಳೆ ಇನ್ನೊಬ್ಬ." ಪೂಜೆಯ ಮನೆಯಲ್ಲಿ ವಾದವೇಕೆಂದು ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದು ತಪ್ಪೆಂದು ಮನೆಗೆ ಬರುವ ದಾರಿಯಲ್ಲಿ ಅನ್ನಿಸಿತು. ಆ ತಪ್ಪಿನ ತಿದ್ದುಪಡಿಯೇ ಈ ಬರಹ.

ಆ ಚಿತ್ರವನ್ನು ನಾನೂ ನೋಡಿದೆ. ಡೆಹ್ರಾಡೂನಿನ ಪೊಲೀಸ್ ಅಧಿಕಾರಿ ಶಾರ್ದೂಲನಿಗೆ ಗಂಡಸರಲ್ಲಿ ಒಲವು. ಶಾಲೆಯೊಂದರ ದೈಹಿಕ ಶಿಕ್ಷಕಿ ಸುಮಿಗೆ ಹೆಂಗಸರಲ್ಲಿ ಒಲವು. ಮನೆಯವರ ಒತ್ತಾಯದಿಂದ ಪಾರಾಗಲು ಇಬ್ಬರೂ ಮಾತಾಡಿಕೊಂಡು ಮದುವೆಯಾಗುತ್ತಾರೆ. ಲೋಕದ ಕಣ್ಣಿಗೆ ದಂಪತಿಗಳು, ಮನೆಯೊಳಗೆ ಒಬ್ಬರ ಬದುಕಿಗೆ ಇನ್ನೊಬ್ಬರು ಅಡ್ಡಿಯಿಲ್ಲ. ಶಾರ್ದೂಲನ ಹಳೆಯ ಪ್ರೇಮಿ ದೂರವಾಗುತ್ತಾನೆ, ಹೊಸಬನೊಬ್ಬ ಹತ್ತಿರವಾಗುತ್ತಾನೆ. ಆ ಹೊಸಬನ ಪಾತ್ರದಲ್ಲಿರುವವರು ನಮ್ಮ ಬೆಂಗಳೂರಿನ ಗುಲ್ಶನ್ ದೇವಯ್ಯ. ಸುಮಿಯ ಗೆಳತಿ ಅದೇ ಮನೆಗೆ ಬಂದು ನೆಲೆಸುತ್ತಾಳೆ. ಈ ಗೋಜಲೆಲ್ಲ ಹಾಸ್ಯವಾಗಿ ಹರಿಯುತ್ತದೆ. ಆದರೆ ನಗುವಿನ ಅಡಿಯಲ್ಲಿ, ಒಂದು ಸುಳ್ಳನ್ನು ಕಾಪಾಡಲು ನಾಲ್ಕು ಜೀವಗಳು ಪಡುವ ಪಾಡಿದೆ.

ಭಾವನವರಿಗೆ ನನ್ನ ಮೊದಲ ಪ್ರಶ್ನೆ ಇದು. 2005ರಲ್ಲಿ ರಮೇಶ್ ಅರವಿಂದರು ನಿರ್ದೇಶಿಸಿದ 'ರಾಮ ಶಾಮ ಭಾಮ' ಬಂದಾಗ ನಾವು ಸಂಸಾರ ಸಮೇತ ನೋಡಿ ಹೊಟ್ಟೆ ಹುಣ್ಣಾಗುವಂತೆ ನಗಲಿಲ್ಲವೇ? ಅದೇನು, ಹರಿಶ್ಚಂದ್ರನ ಕಥೆಯೇ? ಹೆಂಡತಿಯ ಕಣ್ಣು ತಪ್ಪಿಸಿ ಮತ್ತೊಬ್ಬಳ ಬೆನ್ನು ಹತ್ತಿದ ಗಂಡನ ಕಥೆ! ಅಲ್ಲಿ ಅದು ಗಂಡಸಿನ ಚಪಲ, ನಗುವಿಗೆ ವಸ್ತು. ಇಲ್ಲಿ ಮಾತ್ರ ಇಡೀ ಜನಾಂಗದ ಅನೀತಿಗೆ ಸಾಕ್ಷಿ! ಒಂದೇ ಅಂಗಡಿಯಲ್ಲಿ ಎರಡು ತಕ್ಕಡಿ ಇಟ್ಟುಕೊಂಡು ವ್ಯಾಪಾರ ಮಾಡುವುದು ಸಲ್ಲದು.

ನನ್ನ ನಿಲುವನ್ನು ಮುಚ್ಚಿಡುವುದಿಲ್ಲ. ಒಬ್ಬರಿಗೊಬ್ಬರು ಕಟ್ಟುಬೀಳದ 'ಮುಕ್ತ ಸಂಬಂಧ' ನನಗೆ ಒಪ್ಪಿತವಾದುದಲ್ಲ. ಗಂಡು ಹೆಣ್ಣುಗಳ ನಡುವೆಯೂ ಒಪ್ಪಿತವಲ್ಲ. ಆದರೆ ನಿಷ್ಠೆಯನ್ನು ನಿರೀಕ್ಷಿಸುವ ಸಮಾಜ ಮೊದಲು ನಿಷ್ಠೆಗೆ ಒಂದು ಮನೆ ಕಟ್ಟಿಕೊಡಬೇಕು. ಬ್ರಿಟಿಷರು ಬಿಟ್ಟುಹೋದ 377ನೆಯ ಕಲಮಿನ ಪ್ರಕಾರ ಈ ಜನರ ಒಲವು 2018ರ ಸೆಪ್ಟೆಂಬರ್ 6ರವರೆಗೂ ಅಪರಾಧವಾಗಿತ್ತು. ನಡುವೆ 2009ರಲ್ಲಿ ದೆಹಲಿ ಹೈಕೋರ್ಟ್ ಕೊಟ್ಟ ಬಿಡುಗಡೆಯನ್ನು 2013ರಲ್ಲಿ ಸುಪ್ರೀಂ ಕೋರ್ಟ್ ಹಿಂತೆಗೆದುಕೊಂಡಿತ್ತು. 2023ರ ಅಕ್ಟೋಬರ್ 17ರಂದು, ಇವರ ಮದುವೆಗೆ ಮಾನ್ಯತೆ ಕೊಡಲು ಅದೇ ನ್ಯಾಯಾಲಯ ನಿರಾಕರಿಸಿತು. ಮಂಟಪದ ಬಾಗಿಲು ಹಾಕಿ ಅಗಳಿ ಇಟ್ಟವರು ನಾವು. "ನೋಡಿ, ಇವರಿಗೆ ಸಪ್ತಪದಿಯ ಬೆಲೆ ಗೊತ್ತಿಲ್ಲ" ಎಂದು ಹೊರಗೆ ನಿಂತವರನ್ನು ಬೈಯುವವರೂ ನಾವೇ!

"ಇದು ನಮ್ಮ ಮಣ್ಣಿನದಲ್ಲ" ಎಂಬುದು ಇನ್ನೊಂದು ಆಕ್ಷೇಪ. ತೀರ್ಥಹಳ್ಳಿಯ ನೆಲದ ಅನಂತಮೂರ್ತಿಯವರ 'ಸಂಸ್ಕಾರ' ಚಿತ್ರವಾದಾಗ ಸೆನ್ಸಾರ್ ಮಂಡಳಿ ಮೊದಲು ಅದನ್ನು ತಡೆಹಿಡಿದಿತ್ತು. ಅದೇ ಚಿತ್ರ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದಿತು. ಇವತ್ತು ಅದು ನಮ್ಮ ಹೆಮ್ಮೆ. ಸಾಗರದ ಮಗ್ಗುಲಲ್ಲೇ ಇರುವ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಜಗತ್ತಿನ ಚಿತ್ರಗಳನ್ನು ತರಿಸಿ ಹಳ್ಳಿಯವರಿಗೆ ತೋರಿಸಿದರು. ಅಡಿಕೆ ತೋಟದ ಕೆಲಸ ಮುಗಿಸಿ ಬಂದವರು ಕುಳಿತು ನೋಡಿದರು, ಚರ್ಚಿಸಿದರು. ಯಾರೂ ಕೆಡಲಿಲ್ಲ. ವಸುಧೇಂದ್ರರ 'ಮೋಹನಸ್ವಾಮಿ' 2013ರಲ್ಲಿ ಬಂದಿತು. ಅಲ್ಲಿ ಮೋಹನಸ್ವಾಮಿಯನ್ನು ತೊರೆದು ಕಾರ್ತಿಕ ಹೆಣ್ಣಿನ ಕೈ ಹಿಡಿಯುತ್ತಾನೆ. ಅದನ್ನು ಬರೆದದ್ದು ಕನ್ನಡದಲ್ಲೇ ಅಲ್ಲವೇ?

ಇನ್ನು ನನ್ನ ಪಾಲಿನ ತಪ್ಪು. ನಾನು ಕೆಲಸ ಮಾಡಿದ ಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ಒಬ್ಬ ಹುಡುಗ ದಮಯಂತಿಯ ವೇಷ ಕಟ್ಟಿದ್ದ. ಅವನ ಲಾಲಿತ್ಯಕ್ಕೆ ಊರೇ ತಲೆದೂಗಿತು. ಮರುವಾರ ತರಗತಿಯಲ್ಲಿ ಹುಡುಗರು ಅವನನ್ನು "ದಮಯಂತೀ" ಎಂದು ಕರೆದು ಗೇಲಿ ಮಾಡಿದರು. ಗದರಿಸಬೇಕಾದ ನಾನು, ಅವರೊಡನೆ ನಕ್ಕೆ. ಎಷ್ಟೋ ವರ್ಷಗಳ ಮೇಲೆ ಸಾಗರದ ಬಸ್ ನಿಲ್ದಾಣದಲ್ಲಿ ಅವನು ಸಿಕ್ಕ. ಮನೆಯವರು ಮದುವೆ ಮಾಡಿಸಿದ್ದರು. ವರ್ಷ ತುಂಬುವ ಮೊದಲೇ ಆ ಹುಡುಗಿ ತವರಿಗೆ ಮರಳಿದ್ದಳು. ಅವನೆಂದ: "ಸಾರ್, ಅವಳಿಗೆ ನನ್ನಿಂದ ಅನ್ಯಾಯವಾಯಿತು. ಬೇಡ ಅಂತ ಹೇಳಬೇಕಿತ್ತು. ಯಾಕೆ ಬೇಡ ಅಂತ ಹೇಳೋದಕ್ಕೆ ನನ್ನ ಹತ್ತಿರ ಮಾತೇ ಇರಲಿಲ್ಲ." ಮಾತು ಕಲಿಸುವುದೇ ಕಸುಬಾಗಿದ್ದ ನನ್ನಲ್ಲಿ ಉತ್ತರವಿರಲಿಲ್ಲ.

ಆದ್ದರಿಂದ ಭಾವನವರೇ, ಆ ಚಿತ್ರ ಮನೆಯೊಳಗೇ ಓಡಲಿ, ಹಿರಿಯರೂ ಜೊತೆಗೆ ಕುಳಿತು ನೋಡಲಿ. ಇಂಥವರನ್ನು ನೋಡಿ ನಗುವುದನ್ನು ನಮ್ಮ ಹಾಸ್ಯದೃಶ್ಯಗಳು ಬೇಕಾದಷ್ಟು ಕಲಿಸಿವೆ. ಇವರೊಡನೆ ಕೂಡಿ ನಗುವುದನ್ನು ಕಲಿಯಬೇಕಾಗಿದೆ. ಜಗಲಿಯಲ್ಲಿ ಕುಳಿತಿದ್ದ ಆ ಮಕ್ಕಳಲ್ಲಿ ಒಬ್ಬರಿಗಾದರೂ ನಾಳೆ ಮನೆಯವರ ಮುಂದೆ ಹೇಳಿಕೊಳ್ಳಲು ಮಾತು ಬೇಕಾದೀತು. ಆಗ ಅದನ್ನು ಕೇಳಿಸಿಕೊಳ್ಳುವ ಕಿವಿ ನಮ್ಮದಾಗಿರಲಿ.

ನನ್ನ ವಿದ್ಯಾರ್ಥಿಗಳೇ, ಅಂದು ನನ್ನೊಡನೆ ನಕ್ಕವರೂ ನಿಮ್ಮಲ್ಲಿದ್ದೀರಿ. ನಕ್ಕದ್ದಕ್ಕೆ ಮೊದಲ ಹೊಣೆ ನನ್ನದು. ಅವನಲ್ಲಿ ನಾನು ಕ್ಷಮೆ ಕೇಳಿದ್ದೇನೆ. ನಿಮ್ಮಿಂದಲೂ ಅಷ್ಟಾದರೆ ಈ ಮುದಿ ಮೇಷ್ಟರಿಗೆ ಸಮಾಧಾನ.