ಸೇವೆಯ ಅವಧಿ ಮುಗಿದ ಮೇಲೆ

ಸ್ಲೊವಾಕಿಯಾದ ಕೊಶಿಟ್ಸೆ ನಗರದ ಲುನಿಕ್ 9 ರೋಮಾ ಜನರ ಬಡ ಬಡಾವಣೆ. 2021ರ ಸೆಪ್ಟೆಂಬರ್ 14ರಂದು ಜಗದ್ಗುರು ಫ್ರಾನ್ಸಿಸರು ಅಲ್ಲಿಗೆ ಭೇಟಿಯಿತ್ತರು. ರೋಮಾ ಜನರು ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದಿಂದ ವಲಸೆ ಹೋದವರ ಸಂತತಿ. ನೀರನ್ನು ಇಂದಿಗೂ ‘ಪಾನಿ’ ಎನ್ನುತ್ತಾರೆ.

ಇಂಥ ಕೇರಿಗಳಿಗೆ ಪರದೇಶದ ವಿದ್ಯಾರ್ಥಿಗಳು ಒಂದು ಸೆಮಿಸ್ಟರಿನ ಮಟ್ಟಿಗೆ ಸ್ವಯಂಸೇವಕರಾಗಿ ಹೋಗುವುದುಂಟು. ಪಾಠ ಹೇಳುತ್ತಾರೆ, ಆಟವಾಡಿಸುತ್ತಾರೆ, ಅವಧಿ ಮುಗಿದೊಡನೆ ಹೊರಡುತ್ತಾರೆ. ಮಕ್ಕಳು ಅಲ್ಲಿಯೇ ಉಳಿಯುತ್ತಾರೆ. ಹಾಗಾದರೆ ಲಾಭ ಯಾರಿಗೆ?

ಚೆಕ್ ಗಣರಾಜ್ಯದಲ್ಲಿ ರೋಮಾ ಮಕ್ಕಳನ್ನು ಬುದ್ಧಿಮಾಂದ್ಯರ ಶಾಲೆಗಳಿಗೆ ಸೇರಿಸಿದ್ದು ತಾರತಮ್ಯವೆಂದು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2007ರಲ್ಲಿ ತೀರ್ಪಿತ್ತಿತು. ಅಂಥ ಅನ್ಯಾಯವನ್ನು ಕೆಲವು ತಿಂಗಳ ಪಾಠ ಅಳಿಸಲಾರದು. ಆದರೆ ಅದನ್ನು ಕಣ್ಣಾರೆ ಕಂಡವರು ನಾಳೆ ಅಧ್ಯಾಪಕರೂ ಅಧಿಕಾರಿಗಳೂ ಆಗುವರು. ಅವರ ಸೇವೆಯ ಪರೀಕ್ಷೆ ನಡೆಯುವುದು ಆಗಲೇ.

1997ರಲ್ಲಿ ಪುನೀತ ಪದವಿಗೇರಿದ ಸ್ಪೇನಿನ ಸೆಫೆರಿನೊ ಹಿಮೆನೆಸ್ ಮಾಯಾ ಆ ಗೌರವ ಪಡೆದ ಮೊದಲ ರೋಮಾ ವ್ಯಕ್ತಿ. ಓದುಬರಹ ಬಾರದ ಅವರು ಮಕ್ಕಳಿಗೆ ಧರ್ಮೋಪದೇಶ ಮಾಡಿದವರು. ಕಲಿಸಲು ಹೋಗುವವರು ಕಲಿಯಲೂ ಸಿದ್ಧರಿರಬೇಕೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ನಮ್ಮ ಮನೆಯ ಮಕ್ಕಳು ಇಂಥ ಸೇವೆಗೆ ಹೊರಟರೆ ಹರಸಿ ಕಳುಹಿಸೋಣ. ಮರಳಿ ಬಂದಾಗ, ಅಲ್ಲಿ ಯಾರಿಂದ ಏನು ಕಲಿತೆಯೆಂದು ತಪ್ಪದೆ ಕೇಳೋಣ.