‘ದಾಖಲೆ ಮಳೆ’ ಎಂಬ ಸಬೂಬು ಇನ್ನು ಸಾಕು

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಹಾದಂಗಡಿಯ ಕುಟುಂಬ, ಅಲ್ಲಿ ನಿಂತಿದ್ದ ಲಾರಿಗಳು, ಚಾಲಕರು ಮಣ್ಣಿನಡಿ ಸಿಲುಕಿ ಗಂಗಾವಳಿ ನದಿಯ ಪಾಲಾದರು. ಮಣ್ಣು ನದಿಗೆ ಬಿದ್ದ ರಭಸಕ್ಕೆ ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ಚತುಷ್ಪಥಕ್ಕಾಗಿ ಗುಡ್ಡದ ಬುಡ ಕತ್ತರಿಸಿದ್ದೇ ಕಾರಣ ಎಂದು ಊರವರು ಹೇಳಿದರು. ವಿಪರೀತ ಮಳೆಯೇ ಕಾರಣ ಎಂಬ ಸಮರ್ಥನೆಯೂ ಬಂತು. ಈ ಎರಡನ್ನು ಎದುರುಬದುರು ನಿಲ್ಲಿಸುವುದೇ ತಪ್ಪು. ಮಳೆಯ ಸ್ವರೂಪ ಬದಲಾಗಿದೆ ಎಂದು ಗೊತ್ತಿದ್ದ ಮೇಲೂ ಹಳೆಯ ಮಳೆಯನ್ನೇ ನಂಬಿ ಗುಡ್ಡಕ್ಕೆ ಜೆಸಿಬಿ ಇಳಿಸಿದರೆ ಮಳೆಯನ್ನು ದೂರುವ ಹಕ್ಕು ಯಾರಿಗೂ ಉಳಿಯುವುದಿಲ್ಲ.

ಹಳೆಯ ಮಳೆಯನ್ನು ನಂಬುವುದೆಂದರೆ ಏನೆಂದು ತಿಳಿಯಲು, ರಸ್ತೆಯಡಿಯ ಒಂದು ಮೋರಿಯ ಅಗಲ ಹೇಗೆ ನಿರ್ಧಾರವಾಗುತ್ತದೆ ನೋಡಿ. ನೀರು ಹರಿದು ಬರುವ ಪ್ರದೇಶ ಎಷ್ಟು, ಆ ನೆಲ ಎಷ್ಟು ನೀರು ಇಂಗಿಸುತ್ತದೆ, ಗಂಟೆಗೆ ಎಷ್ಟು ಮಿಲಿಮೀಟರ್ ಮಳೆ ಬೀಳಬಹುದು ಎಂಬುದನ್ನು ಲೆಕ್ಕ ಹಾಕುತ್ತಾರೆ. ಮೊದಲ ಎರಡಕ್ಕೆ ನಕ್ಷೆ ಇದೆ, ಸ್ಥಳ ಪರಿಶೀಲನೆ ಇದೆ. ಮೂರನೆಯದು ಹಿಂದಿನ ದಾಖಲೆಗಳಿಂದ ಬರಬೇಕು. ನಮ್ಮಲ್ಲಿ ಇದಕ್ಕೆ ಆಧಾರವಾಗಿರುವ ವಲಯವಾರು ಪ್ರವಾಹ ಅಂದಾಜು ವರದಿಗಳಲ್ಲಿ ಹೆಚ್ಚಿನವು ಎಂಬತ್ತು, ತೊಂಬತ್ತರ ದಶಕದವು. ಅವುಗಳೊಳಗಿನ ಮಳೆಯ ಅಂಕಿಗಳು ಇನ್ನೂ ಹಿಂದಿನವು. ಮಳೆಯ ಸ್ವಭಾವ ಎಂದಿಗೂ ಬದಲಾಗದು ಎಂಬ ನಂಬಿಕೆಯ ಮೇಲೆ ಈ ಲೆಕ್ಕವೆಲ್ಲ ನಿಂತಿದೆ.

ಆ ನಂಬಿಕೆ ಮುರಿದು ಬಿದ್ದಿದೆ. ತಾಪಮಾನ ಒಂದು ಡಿಗ್ರಿ ಏರಿದರೆ ಗಾಳಿ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿದಿಟ್ಟುಕೊಳ್ಳಬಲ್ಲದು. ಮಧ್ಯ ಭಾರತದಲ್ಲಿ ವ್ಯಾಪಕ ಅತಿವೃಷ್ಟಿಯ ಘಟನೆಗಳು 1950ರಿಂದ 2015ರ ನಡುವೆ ಮೂರು ಪಟ್ಟಾಗಿವೆ ಎಂದು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲೇ ತೋರಿಸಿದ್ದಾರೆ. ಆ ಸಂಸ್ಥೆ ಸರ್ಕಾರದ್ದೇ; ಗೊತ್ತಿರಲಿಲ್ಲ ಎನ್ನುವಂತಿಲ್ಲ.

‘ಐವತ್ತು ವರ್ಷಕ್ಕೊಮ್ಮೆ ಬರುವ ಪ್ರವಾಹ’ ಎಂಬ ಮಾತು ಜನರಿಗಷ್ಟೇ ಅಲ್ಲ, ಅಧಿಕಾರಿಗಳಿಗೂ ಸುಳ್ಳು ಧೈರ್ಯ ಕೊಡುತ್ತದೆ. ಒಮ್ಮೆ ಬಂದು ಹೋದರೆ ಇನ್ನು ಐವತ್ತು ವರ್ಷ ನೆಮ್ಮದಿ ಎಂದು ಅದರ ಅರ್ಥವಲ್ಲ. ಪ್ರತಿ ವರ್ಷವೂ ಅದು ಬರುವ ಸಂಭವ ಶೇ 2. ಮೂವತ್ತು ವರ್ಷದಲ್ಲಿ ಒಮ್ಮೆಯಾದರೂ ಬರುವ ಸಂಭವ ಶೇ 45. ಬಿಸಿಯೇರಿದ ವಾತಾವರಣದಲ್ಲಿ ಅದೇ ಪ್ರವಾಹ ಇಪ್ಪತ್ತೈದು ವರ್ಷಕ್ಕೊಮ್ಮೆ ಬರುವಂತಾದರೆ ಆ ಸಂಭವ ಶೇ 70 ದಾಟುತ್ತದೆ. ಕಾಂಕ್ರೀಟು ಒಂದಿಷ್ಟೂ ಬದಲಾಗದೆ ಮೋರಿ ದುರ್ಬಲವಾಗುವುದು ಹೀಗೆ.

ಮುಂದಿನ ಮಳೆ ಖಚಿತವಾಗಿ ಗೊತ್ತಿಲ್ಲದಿರುವಾಗ ಯಾವ ಸಂಖ್ಯೆ ಹಿಡಿಯುವುದು ಎಂದು ಕೆಲವು ಎಂಜಿನಿಯರುಗಳು ಕೇಳುತ್ತಾರೆ. ಪ್ರಶ್ನೆ ಪ್ರಾಮಾಣಿಕವಾದದ್ದೇ. ಆದರೆ ಸೇತುವೆಯ ಮೇಲೆ ನಾಳೆ ಎಷ್ಟು ಭಾರದ ಲಾರಿ ಬರುತ್ತದೆಂದೂ ಅವರಿಗೆ ಖಚಿತವಾಗಿ ಗೊತ್ತಿಲ್ಲ. ಅಲ್ಲಿ ಸುರಕ್ಷತೆಗೆಂದು ಹೆಚ್ಚುವರಿ ಬಲ ಸೇರಿಸುವವರು ಮಳೆಯ ವಿಷಯದಲ್ಲಿ ಕೈ ಚೆಲ್ಲುವುದೇಕೆ? ಆಸ್ಟ್ರೇಲಿಯಾ 2024ರಲ್ಲಿ ತನ್ನ ಮಾರ್ಗಸೂಚಿ ತಿದ್ದಿ, ಏರುವ ಪ್ರತಿ ಡಿಗ್ರಿಗೆ ವಿನ್ಯಾಸದ ಮಳೆಯನ್ನು ಎಷ್ಟು ಹೆಚ್ಚಿಸಬೇಕೆಂದು ಹೇಳಿದೆ. ಇಡೀ ದಿನದ ಮಳೆಗೆ ಶೇ 8, ಒಂದು ಗಂಟೆಯ ಬಿರುಮಳೆಗೆ ಶೇ 15. ಮುಂಗಾರನ್ನೇ ನಂಬಿ ಬದುಕುವ ದೇಶಕ್ಕೆ ಅಂಥದೊಂದು ಅಂಕಿ ಇನ್ನೂ ಕಡ್ಡಾಯವಾಗಿಲ್ಲದಿರುವುದು ನಾಚಿಕೆಗೇಡು.

ಖರ್ಚಿನ ಮಾತೂ ಬರುತ್ತದೆ. ರಸ್ತೆ ಮಾಡುವಾಗಲೇ ಮೋರಿಯನ್ನು ಅಗಲ ಮಾಡುವುದು, ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯುವುದು, ತಡೆಗೋಡೆಯ ಹಿಂದೆ ನಿಂತ ನೀರು ಹೊರಹೋಗಲು ದಾರಿ ಬಿಡುವುದು ದುಬಾರಿ ಎನ್ನುತ್ತಾರೆ. ಆದರೆ ಜಂಬಿಟ್ಟಿಗೆ ಮಣ್ಣು ನೀರು ಕುಡಿದು ಭಾರವಾದಾಗ ಆ ದಾರಿಯೊಂದೇ ಗೋಡೆಯನ್ನು ಉಳಿಸುವುದು. ಇವನ್ನು ಮಾಡದಿದ್ದರೆ ಆಗುವ ನಷ್ಟಕ್ಕೆ ಶಿರಾಡಿ ಘಾಟಿಯನ್ನೇ ನೋಡಿ. ಸಕಲೇಶಪುರದ ಬಳಿಯ ದೋಣಿಗಾಲ್‌ನಲ್ಲಿ 2022ರಲ್ಲಿ ರಸ್ತೆ ಕುಸಿಯಿತು, ದೊಡ್ಡತಪ್ಪಲೆಯಲ್ಲಿ 2024ರಲ್ಲಿ ಮಣ್ಣು ಜಾರಿತು. ಪ್ರತಿ ಸಲವೂ ಮಂಗಳೂರು ಬಂದರಿನಿಂದ ಹೊರಟ ಲಾರಿಗಳು ಸಾಲುಗಟ್ಟಿ ನಿಂತವು, ಆಂಬುಲೆನ್ಸ್‌ಗಳು ಸುತ್ತುದಾರಿ ಹಿಡಿದವು. ಆ ನಷ್ಟ ಯಾವ ವಿಸ್ತೃತ ಯೋಜನಾ ವರದಿಯ (ಡಿಪಿಆರ್) ಖರ್ಚಿನ ಪಟ್ಟಿಯಲ್ಲಿದೆ?

ಹವಾಮಾನ ಬದಲಾವಣೆ ಈಗ ಗುತ್ತಿಗೆದಾರರಿಗೆ ಹೊಸ ಆಸರೆಯೂ ಆಗುತ್ತಿದೆ. ಅನಿರೀಕ್ಷಿತ ಪ್ರಕೃತಿ ವಿಕೋಪ ಎಂದು ಬರೆದುಕೊಟ್ಟರೆ ಹೊಣೆ ತಪ್ಪುತ್ತದೆ. ವಿಜ್ಞಾನಿಗಳು ವರ್ಷಗಟ್ಟಲೆ ಎಚ್ಚರಿಸಿದ ಮಳೆಯನ್ನು ಅನಿರೀಕ್ಷಿತ ಎನ್ನಲು ಕರಾರಿನಲ್ಲೇ ಅವಕಾಶ ಇರಕೂಡದು. ಪಶ್ಚಿಮ ಘಟ್ಟದಲ್ಲಿ ಇನ್ನು ಯಾವುದೇ ರಸ್ತೆ, ಸುರಂಗದ ಟೆಂಡರ್ ಕರೆಯುವ ಮೊದಲು ಯಾವ ವರ್ಷಗಳ ಮಳೆ ಹಿಡಿದಿದ್ದಾರೆ, ಅದಕ್ಕೆ ಎಷ್ಟು ಸೇರಿಸಿದ್ದಾರೆ ಎಂಬ ಲೆಕ್ಕದ ಪುಟವನ್ನು ಆ ದಾರಿಯ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಕನ್ನಡದಲ್ಲಿ ಇಡಬೇಕು. ಅದಕ್ಕೆ ಸಹಿ ಹಾಕಿದ ಎಂಜಿನಿಯರ್‌ನ ಹೆಸರೂ ಅದರಲ್ಲಿರಬೇಕು.