ಅಂಜಿಕೆಗೆ ವಿಧೇಯತೆಯೆಂಬ ಹೆಸರು ಬೇಡ

ದೆಹಲಿ, ನೊಯ್ಡಾ, ಗುರುಗ್ರಾಮಗಳ ಉದ್ಯಾನಗಳಲ್ಲಿ ಸಂಜೆಯ ಹೊತ್ತು ಕಾಣಸಿಗುವ ನೋಟವೊಂದಿದೆ. ಮೂರು ತಿಂಗಳ ನಾಯಿಮರಿಯ ಕೊರಳಲ್ಲಿ ಜಗ್ಗಿದರೆ ಬಿಗಿಯುವ ಸರಪಳಿ. ಅದರ ಇನ್ನೊಂದು ತುದಿ ಸಂಬಳದ ತರಬೇತುದಾರನ ಕೈಯಲ್ಲಿ. ‘ಸಿಟ್’ ಎಂಬ ಗದರಿಕೆ, ಕೊರಳಿಗೊಂದು ಜಗ್ಗು, ಸೊಂಟದ ಮೇಲೊಂದು ಒತ್ತು. ಮರಿ ಕುಳಿತುಕೊಳ್ಳುತ್ತದೆ. ‘ಎಷ್ಟು ಬೇಗ ಕಲಿಯಿತು!’ ಎಂದು ನಾವು ಬೆರಗಾಗುತ್ತೇವೆ. ಅದು ಕಲಿತದ್ದೇನು ಎಂದು ಮಾತ್ರ ಕೇಳಿಕೊಳ್ಳುವುದಿಲ್ಲ.

ನಮ್ಮ ಬಳಗದ ಮನೆಯೊಂದರ ಮರಿ ಹೀಗೆಯೇ ತಿಂಗಳ ಕಾಲ ತರಬೇತಿ ಪಡೆದು ಮರಳಿತು. ಹೇಳಿದ್ದನ್ನೆಲ್ಲ ಪಾಲಿಸುತ್ತಿತ್ತು. ಆದರೆ ಯಾರಾದರೂ ಚೆಂಡೆಸೆಯಲು ಕೈಯೆತ್ತಿದರೂ ಮಂಚದಡಿ ಸೇರುತ್ತಿತ್ತು. ಒಂದು ದಿನ ಅಲ್ಲಿಂದ ಹೊರಗೆಳೆಯಹೋದ ಕೈಯನ್ನು ಕಚ್ಚಿತು. ‘ಕೆಟ್ಟ ನಾಯಿ’ ಎನಿಸಿಕೊಂಡು ಮನೆಯನ್ನೇ ಕಳೆದುಕೊಂಡಿತು. ಆ ಮರಿಯ ವಿಧೇಯತೆಯನ್ನು ಕೊಂಡಾಡಿದವರಲ್ಲಿ ನಾವೂ ಇದ್ದೆವು. ಆದುದರಿಂದ ಈ ಮಾತು ಮೊದಲು ನಮಗೇ ಸಲ್ಲುತ್ತದೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಕೋಲಿನ ಪರವಾಗಿ ವಾದಿಸುವವರಿದ್ದಾರೆ. ಗಾದೆ ಸರಿಯೇ; ಎಳವೆಯಲ್ಲೇ ಕಲಿಸಬೇಕು. ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಮರಿಯ ಮನಸ್ಸು ಜಗತ್ತನ್ನು ಸುಲಭವಾಗಿ ಒಪ್ಪಿಕೊಳ್ಳುತ್ತದೆ. ಆದರೆ ಆ ಹೊತ್ತಿನಲ್ಲಿ ನೆಟ್ಟ ಭಯವೂ ಅಷ್ಟೇ ಆಳಕ್ಕೆ ಬೇರುಬಿಡುತ್ತದೆ. ಗಾದೆ ಹೇಳಿದ್ದು ಗಿಡವನ್ನು ಬಗ್ಗಿಸಲು, ಮುರಿಯಲು ಅಲ್ಲ.

ಬಗ್ಗಿಸುವ ಬಗೆ ಕಷ್ಟದ್ದೂ ಅಲ್ಲ. ತಿನಿಸಿನ ತುಣುಕನ್ನು ಮರಿಯ ಮೂಗಿನ ಬಳಿ ಹಿಡಿದು, ತಲೆಯ ಮೇಲಿನಿಂದ ಮೆಲ್ಲನೆ ಹಿಂದಕ್ಕೆ ಒಯ್ದರೆ, ಮೂಗು ಮೇಲೇಳುತ್ತದೆ, ಹಿಂಭಾಗ ತಾನಾಗಿ ನೆಲಕ್ಕಿಳಿಯುತ್ತದೆ. ಅದೇ ತುಣುಕು ಮುಂಗಾಲುಗಳ ನಡುವೆ ನೆಲಕ್ಕಿಳಿದರೆ ಮರಿ ಮಲಗುತ್ತದೆ. ಮೂಗಿನ ನೇರಕ್ಕೆ ಮುಂದೆ ಸರಿದರೆ ಎದ್ದು ನಿಲ್ಲುತ್ತದೆ. ಭಂಗಿ ಕೂಡಿಬಂದ ಕ್ಷಣವೇ ಒಂದು ಮೆಚ್ಚುನುಡಿ, ಒಡನೆಯೇ ತಿನಿಸು. ಒಮ್ಮೆಗೆ ಎರಡು ಮೂರು ನಿಮಿಷ ಸಾಕು. ಈ ಮೂರು ಭಂಗಿಗಳ ನಡುವೆ ಓಡಾಡುತ್ತ ಮರಿ ತನ್ನ ದೇಹದ ತೂಕವನ್ನು ಹಿಂಗಾಲಿಗೂ ಮುಂಗಾಲಿಗೂ ದಾಟಿಸಲು ಕಲಿಯುತ್ತದೆ. ಮುಂಗಾಲುಗಳನ್ನು ತಗ್ಗಾದ ಮಣೆಯ ಮೇಲಿರಿಸಿ ಸುತ್ತ ತಿರುಗಿಸಿದರೆ, ತನಗೆ ಹಿಂಗಾಲುಗಳೂ ಇವೆಯೆಂಬ ಅರಿವು ಮೂಡುತ್ತದೆ. ನಮ್ಮ ಫ್ಲ್ಯಾಟುಗಳ ನುಣುಪಾದ ಅಮೃತಶಿಲೆಯ ಮೇಲೆ ಕಾಲು ಜಾರಿಸಿಕೊಳ್ಳುವ ಮರಿಗೆ ಒಂದು ಚಾಪೆ ಹಾಸುವುದು, ನೂರು ಗದರಿಕೆಗಿಂತ ದೊಡ್ಡ ಪಾಠ. ತನ್ನ ಕಾಲುಗಳನ್ನು ನಂಬಿದ ಮರಿಗೆ ಲಿಫ್ಟಿನ ಸದ್ದನ್ನೂ ಕಾವಲುಗಾರನ ಲಾಠಿಯನ್ನೂ ಎದುರಿಸುವ ಧೈರ್ಯ ಬರುತ್ತದೆ.

ಇದು ಮೃದುಹೃದಯರ ಭಾವುಕತೆಯಲ್ಲ. ಅಮೆರಿಕದ ಪ್ರಾಣಿವರ್ತನೆಯ ಪಶುವೈದ್ಯರ ಸಂಘವು 2021ರಲ್ಲಿ, ತರಬೇತಿಗೆ ಬಹುಮಾನದ ವಿಧಾನಗಳನ್ನಷ್ಟೇ ಬಳಸಬೇಕೆಂದು ಘೋಷಿಸಿತು. ನಮ್ಮದೇ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯು ಪ್ರಾಣಿಯನ್ನು ಹೊಡೆದು ನೋಯಿಸುವುದನ್ನು ಅಪರಾಧವೆನ್ನುತ್ತದೆ.

ಇನ್ನು ಆ ‘ಸಿಟ್’ ಎಂಬ ಪದ. ನಾಯಿಗೆ ಇಂಗ್ಲಿಷೇ ತಿಳಿಯುತ್ತದೆಂಬ ಮೂಢನಂಬಿಕೆ ಕನ್ನಡದ ಮನೆಗಳಲ್ಲೂ ಬೇರೂರಿದೆ. ಮರಿ ಮೊದಲು ಓದುವುದು ನಮ್ಮ ಕೈಯ ಚಲನೆಯನ್ನು. ಪದ ಆಮೇಲೆ ಅಂಟಿಕೊಳ್ಳುತ್ತದೆ. ‘ಕೂರು’, ‘ಮಲಗು’, ‘ನಿಲ್ಲು’ ಎಂದರೆ ಅದಕ್ಕೆ ಯಾವ ಕೊರತೆಯೂ ಇಲ್ಲ. ಆಗ ಊರಿನಿಂದ ಬಂದ ಅಜ್ಜಿಯೂ ಕಲಿಸಬಲ್ಲಳು, ಮೊಮ್ಮಗಳೂ ಕಲಿಸಬಲ್ಲಳು. ಮರಿ ಬದುಕಬೇಕಾದದ್ದು ಇವರೊಡನೆ. ನಂಬಿಕೆ ಬೆಳೆಯಬೇಕಾದದ್ದೂ ಇವರ ಕೈಯ ಮೇಲೆಯೇ.

ಕನ್ನಡಕ್ಕೆ ನಾಯಿಯ ನಂಟು ಹೊಸದಲ್ಲ. ಕ್ರಿ.ಶ. 949-50ರ ಆತಕೂರು ಶಾಸನವು ಕಾಳಿ ಎಂಬ ಬೇಟೆನಾಯಿಯ ಸ್ಮಾರಕ. ಮೆಚ್ಚಿದ ಒಡೆಯ ‘ಬೇಡು’ ಎಂದಾಗ ಮಣಲೇರನೆಂಬ ವೀರ ಬೇಡಿದ್ದು ಆ ನಾಯಿಯನ್ನು. ಕಾಡುಹಂದಿಯೊಡನೆ ಸೆಣಸಿ ಮಡಿದ ಅದಕ್ಕೆ ಕಲ್ಲು ನಿಂತಿತು. ಇತ್ತ 2016ರಲ್ಲಿ ಮುಧೋಳದ ನಾಯಿಮರಿಗಳು ಈ ರಾಜಧಾನಿ ವಲಯದ ಮೀರತ್‌ಗೇ, ಸೇನೆಯ ತರಬೇತಿ ಕೇಂದ್ರಕ್ಕೆ ಬಂದವು. ಮಂಚದಡಿ ನಡುಗುವ ನಾಯಿ ಹಂದಿಯೆದುರು ನಿಲ್ಲಲಾರದು, ಗಡಿಯಲ್ಲೂ ನಿಲ್ಲಲಾರದು. ನಮ್ಮ ಮನೆಯ ಮಕ್ಕಳ ನಡುವೆಯೂ ನೆಮ್ಮದಿಯಿಂದ ಇರಲಾರದು.

ಆದುದರಿಂದ ನಮ್ಮ ಬಳಗದ ಮನೆಗಳಲ್ಲಿ ನಮ್ಮ ಒತ್ತಾಯವಿಷ್ಟು: ಸರಪಳಿಯ ಗುರುವಿಗೆ ಸಂಬಳ ಕೊಡುವುದನ್ನು ನಿಲ್ಲಿಸಿ. ದಿನಕ್ಕೆ ಹತ್ತು ನಿಮಿಷ ನೆಲದ ಮೇಲೆ ನೀವೇ ಕುಳಿತುಕೊಳ್ಳಿ. ಅಷ್ಟು ಬಿಡುವಿಲ್ಲದವರು ಮರಿಯನ್ನು ಮನೆಗೆ ತರಬೇಡಿ.